ಪೇಶ್ವೆಯ ಟಪಾಲಿನ ಜಾಡಿನಲ್ಲಿ: ಪುಣೆಯ ಒಂದು ವಾಕ್ ಹೇಗಿದೆ?

ನಾಲ್ಕು ಸ್ಟಾರ್. ಐದನೆಯದನ್ನು ಯಾಕೆ ಹಿಡಿದಿಟ್ಟೆ ಅನ್ನೋದು ಕೆಳಗೆ ಬರುತ್ತದೆ.

ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ. ಇನ್ನೂರು ವರ್ಷದ ಹಿಂದೆ ಮರಾಠಾ ರಾಜ್ಯ ಆಳುತ್ತಿದ್ದ ಎರಡನೇ ಬಾಜೀರಾವ್ ಪೇಶ್ವೆಯ ದರ್ಬಾರು, ಅಲ್ಲಿ ಕೂತಿದ್ದ ಇಂಗ್ಲಿಷರ ರೆಸಿಡೆಂಟು ಅಂದರೆ ಕಂಪನಿಯ ಪ್ರತಿನಿಧಿ, ಇಬ್ಬರ ನಡುವೆ ಓಡಾಡಿದ ಪತ್ರಗಳು, ಕದ್ದು ಓಡಾಡಿದ ಪತ್ರಗಳು. ಇಷ್ಟನ್ನೇ ಹಿಡಿದುಕೊಂಡು ಭಾನುವಾರ ಬೆಳಗ್ಗೆ ಹಳೇ ಪುಣೆಯಲ್ಲಿ ನಡೆಸುವ ವಾಕ್. ನಡೆಸುವವರು ಒಂದಿಬ್ಬರು ಗೆಳೆಯರು. ಬೋರ್ಡಿಲ್ಲ, ಆಫೀಸಿಲ್ಲ, ವಾಟ್ಸಾಪ್‌ನಲ್ಲೇ ಎಲ್ಲ ವ್ಯವಹಾರ. ತಲೆಗೆ 500 ರೂಪಾಯಿ. ಚಹಾ, ಒಂದು ಕಟ್ಟು ಜೆರಾಕ್ಸ್ ಹಾಳೆ ಅದರಲ್ಲೇ ಬಂತು. ಮಾತು ಮರಾಠಿಯಲ್ಲಿ, ನಡುನಡುವೆ ಇಂಗ್ಲಿಷ್. ಪುಣೆಯಲ್ಲಿ ಬೇರು ಬಿಟ್ಟಿರುವ ನಮ್ಮಂಥ ಕನ್ನಡದವರಿಗೆ ಅದೇನೂ ತೊಡಕಲ್ಲ.

ನನ್ನ ನೌಕರಿಯೆಲ್ಲ ರೈಲ್ವೆ ಮೇಲ್ ಸರ್ವಿಸ್‌ನಲ್ಲಿ ಕಳೆಯಿತು. ರಾತ್ರಿಯಿಡೀ ಓಡುವ ರೈಲಿನಲ್ಲಿ ನಿಂತು ಟಪಾಲು ವಿಂಗಡಿಸಿದವನು ನಾನು. ಚೀಲಕ್ಕೆ ಅರಗಿನ ಮುದ್ರೆ ಸರಿಯಾಗಿ ಬಿದ್ದಿದೆಯೋ ಇಲ್ಲವೋ ಅಂತ ಈಗಲೂ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಹಾಗಾಗಿ ಇತಿಹಾಸ ಹೇಳುವವರಲ್ಲಿ ನಾನು ಕೇಳುವುದು ಒಂದೇ: ಪತ್ರ ಬರೆದವನು ಯಾರು ಅಂತ ಎಲ್ಲರೂ ಹೇಳುತ್ತಾರೆ, ಒಯ್ದವನು ಯಾರು, ದಾರಿಯಲ್ಲಿ ಒಡೆದವನು ಯಾರು? ಈ ವಾಕ್ ಅದನ್ನು ಹೇಳಿತು. ನಾಲ್ಕು ಸ್ಟಾರ್ ಅದಕ್ಕೇ.

ಶುರು ಶನಿವಾರವಾಡಾದ ದಿಲ್ಲಿ ದರವಾಜಾ ಎದುರು. ಇಲ್ಲಿ ನಿಂತರೆ ಪುಣೆಯ ಯಾವ ಗೈಡ್ ಆದರೂ 1773ರ ಪೇಶ್ವೆ ನಾರಾಯಣರಾವ್ ಕೊಲೆ ಹೇಳಿಯೇ ತೀರುತ್ತಾನೆ. ಅವನ ಚಿಕ್ಕಮ್ಮ ಆನಂದಿಬಾಯಿ ಚೀಟಿಯ ಅಕ್ಷರ ತಿದ್ದಿ 'ಹಿಡಿಯಿರಿ' ಅನ್ನೋದನ್ನು 'ಕೊಲ್ಲಿರಿ' ಮಾಡಿದ್ದು, ಹುಣ್ಣಿಮೆ ರಾತ್ರಿ ಕೇಳಿಸುವ ಕೂಗು, ದೆವ್ವ. ನಮ್ಮ ಗೈಡ್ ಇತಿಹಾಸದಲ್ಲಿ ಎಂಎ ಮಾಡಿ, ಹಳೇ ಮರಾಠಿ ಕಾಗದಪತ್ರಗಳ ಮೋಡಿ ಲಿಪಿ ಕಲಿತ ಹುಡುಗಿ. ಆಕೆ ಅದನ್ನು ಎರಡೇ ಮಾತಿನಲ್ಲಿ ಮುಗಿಸಿ, "ಅದು ಜನ ಹೇಳಿಕೊಂಡು ಬಂದ ಕತೆ, ನಾವು ಸಿಕ್ಕಿರೋ ಕಾಗದ ನೋಡೋಣ" ಅಂದಳು. ಆಗಲೇ ನನಗೆ ಹಿಡಿಸಿತು.

ನಾನಾವಾಡಾ ಹತ್ತಿರ ಹತ್ತು ನಿಮಿಷ. ಪೇಶ್ವೆಗಳ ಮಂತ್ರಿ ನಾನಾ ಫಡನವೀಸನ ವಕೀಲರು ಎಲ್ಲೆಲ್ಲಿ ಕೂತಿದ್ದರು ಅನ್ನೋದನ್ನು ಒಂದು ಹಾಳೆಯಲ್ಲಿ ನಕಾಶೆ ಮಾಡಿ ಕೊಟ್ಟಿದ್ದರು. ಹೈದರಾಬಾದಿನಲ್ಲಿ ಗೋವಿಂದರಾವ್ ಕಾಳೆ, ದಿಲ್ಲಿಯಲ್ಲಿ ಹಿಂಗಣೆ ಮನೆತನದವರು, ಹೀಗೆ. ಆಗಿನ ವಕೀಲ ಅಂದರೆ ಕೋರ್ಟಿನವನಲ್ಲ, ದರ್ಬಾರಿನಲ್ಲಿ ಕೂತು ಸುದ್ದಿ ಕಳಿಸುವವನು. 1800ರ ಮಾರ್ಚ್‌ನಲ್ಲಿ ನಾನಾ ತೀರಿಕೊಂಡ. ಮರಾಠಾ ಸರ್ಕಾರದ ಜಾಣತನವೆಲ್ಲ ಅವನ ಜೊತೆಗೇ ಹೋಯಿತು ಅಂತ ಇಂಗ್ಲಿಷ್ ರೆಸಿಡೆಂಟ್ ಪಾಮರ್ ಬರೆದ. ಎದುರಾಳಿ ಕೊಟ್ಟ ಸರ್ಟಿಫಿಕೇಟು!

ನನಗೆ ತುಂಬ ಹಿಡಿಸಿದ್ದು ಮುಂದಿನದು. 1802ರ ಅಕ್ಟೋಬರ್‌ನಲ್ಲಿ ಮರಾಠಾ ಸರದಾರ ಯಶವಂತರಾವ್ ಹೋಳ್ಕರ್ ಪುಣೆಯ ಹತ್ತಿರ ಪೇಶ್ವೆಯ ದಂಡಿನ ಮೇಲೆ ಗೆದ್ದಾಗ ಬಾಜೀರಾವ್ ಕೊಂಕಣದ ಮಹಾಡಕ್ಕೆ ಓಡಿದ. ಅಲ್ಲಿಗೆ ಒಬ್ಬ ಜಾಸೂದ, ಅಂದರೆ ಗುಟ್ಟಿನ ಸುದ್ದಿ ಒಯ್ಯುವ ಆಳು, ಪತ್ರ ತಂದ. ಘಟ್ಟ ಹತ್ತಿ ಪುಣೆಗೆ ಹೋಗಿ, ನಂಬಲಾಗದಷ್ಟು ಬೇಗ ಉತ್ತರವನ್ನೂ ತಂದುಕೊಟ್ಟ. ಆ ಓಟಗಾರನೇ ತ್ರ್ಯಂಬಕಜಿ ಡೇಂಗಳೆ. ಪೇಶ್ವೆಯ ಕಣ್ಣಿಗೆ ಬಿದ್ದ, ಹತ್ತಿರವಾದ, ಕೊನೆಗೆ ಕಾರಭಾರಿ, ಅಂದರೆ ಮಂತ್ರಿಯೇ ಆಗಿಬಿಟ್ಟ. ಒಂದು ಎಕ್ಸ್‌ಪ್ರೆಸ್ ಡೆಲಿವರಿಗೆ ಇಷ್ಟು ದೊಡ್ಡ ಪ್ರಮೋಷನ್ ನಮ್ಮ ಇಲಾಖೆಯಲ್ಲಿ ಯಾರಿಗೂ ಸಿಕ್ಕಿದ್ದು ನಾನು ಕಂಡಿಲ್ಲ.

ಅದೇ 1802ರ ಡಿಸೆಂಬರ್ 31ಕ್ಕೆ, ಓಡಿಬಂದಿದ್ದ ಪೇಶ್ವೆಗೂ ಇಂಗ್ಲಿಷರಿಗೂ ವಸಾಯಿಯಲ್ಲಿ ಒಪ್ಪಂದ ಆಯಿತು. ಇಂಗ್ಲಿಷರನ್ನು ಕೇಳದೆ ಬೇರೆ ರಾಜರ ಜೊತೆ ಮಾತುಕತೆ ಮಾಡಕೂಡದು ಅಂತ ಪೇಶ್ವೆ ಬರೆದುಕೊಟ್ಟ. ಅಂದರೆ ಅವತ್ತಿನಿಂದ ಗ್ವಾಲಿಯರ್‌ನ ಶಿಂದೆಗೋ ನಾಗಪುರದ ಭೋಂಸಲೆಗೋ ಅವನು ಮನಸ್ಸು ಬಿಚ್ಚಿ ಬರೆದ ಕಾಗದವೆಲ್ಲ ಕಳ್ಳ ಟಪಾಲು. ಈ ಒಂದು ಎಳೆಯನ್ನು ಹುಡುಗಿ ಕೊನೆವರೆಗೂ ಬಿಡಲಿಲ್ಲ.

ವಿಶ್ರಾಮಬಾಗ್ ವಾಡಾ ಎದುರು ಚಹಾ. ಬಾಜೀರಾವ್ ಕಟ್ಟಿಸಿದ ವಾಡಾ ಇದು. ಅವನು ಹೋದ ಮೇಲೆ ಇಂಗ್ಲಿಷರು ಇಲ್ಲಿ ಸಂಸ್ಕೃತ ಪಾಠಶಾಲೆ ತೆರೆದರು. ಆಮೇಲೆ ಇಲ್ಲಿ ಅಂಚೆ ಕಚೇರಿಯೂ ಇತ್ತು. ಅದನ್ನು ನಾನೇ ಹೇಳಬೇಕಾಯಿತು. ಟಪಾಲಿನ ವಾಕ್‌ನಲ್ಲಿ ಇದನ್ನು ಬಿಡೋದಾ?

ಗಂಗಾಧರ ಶಾಸ್ತ್ರಿಯ ಕೊಲೆ ಹೇಳಿದ್ದು ಇಲ್ಲೇ. ಕೈಯಲ್ಲಿದ್ದ ಚಹಾ ತಣ್ಣಗಾಯಿತು, ಯಾರೂ ಕುಡಿಯಲಿಲ್ಲ. ಬಡೋದೆ ಆಳುತ್ತಿದ್ದ ಗಾಯಕವಾಡರಿಗೂ ಪೇಶ್ವೆಗೂ ಹಳೇ ಬಾಕಿ, ಅಹಮದಾಬಾದಿನ ಇಜಾರೆ (ಕಂದಾಯ ವಸೂಲಿಯ ಗುತ್ತಿಗೆ) ವಿಚಾರದಲ್ಲಿ ತಕರಾರು. ಅದನ್ನು ತೀರಿಸಲು ಗಾಯಕವಾಡರ ಪರವಾಗಿ ಶಾಸ್ತ್ರಿ ಪುಣೆಗೆ ಬಂದ. ಜೀವಕ್ಕೆ ಇಂಗ್ಲಿಷರ ಜಾಮೀನು ಇಟ್ಟುಕೊಂಡೇ ಬಂದ. ಬಡೋದೆಯಲ್ಲಿ ಅವನ ವಿರುದ್ಧ ಇದ್ದ ಗುಂಪಿನವರು ತಮ್ಮದೇ ಬೇರೆ ವಕೀಲರನ್ನು ಪುಣೆಗೆ ಕಳಿಸಿ, ಪೇಶ್ವೆಯ ಕಿವಿ ಊದುತ್ತಿದ್ದರು. ಪೇಶ್ವೆ ಮೊದಲು ಬಣ್ಣದ ಮಾತಾಡಿದ. ತನ್ನ ನಾದಿನಿಯನ್ನು ಶಾಸ್ತ್ರಿಯ ಮಗನಿಗೆ ಕೊಡುವ ಮಾತೂ ಆಯಿತು. ಶಾಸ್ತ್ರಿ ಆ ಸಂಬಂಧದಿಂದ ಹಿಂದೆ ಸರಿದ. ಅಲ್ಲಿಗೆ ಹಾಲಿಗೆ ಹುಳಿ ಬಿತ್ತು.

1815ರ ಜುಲೈ. ಎಲ್ಲರೂ ಪಂಢರಪುರದ ಯಾತ್ರೆಗೆ ಹೋಗಿದ್ದರು. ರೆಸಿಡೆಂಟ್ ಎಲ್ಫಿನ್‌ಸ್ಟನ್ ಮಾತ್ರ ಎಲ್ಲೋರದ ಗುಹೆ ನೋಡಲು ಹೋಗಿದ್ದ. ಶಾಸ್ತ್ರಿಗೆ ಅವತ್ತು ಮೈ ಬಿಸಿ ಇತ್ತು. ದೇವರ ದರ್ಶನಕ್ಕೆ ಬಾ ಅಂತ ತ್ರ್ಯಂಬಕಜಿ ಹೇಳಿಕಳಿಸಿದ. ಆಗಲ್ಲ ಅಂದ. ಮತ್ತೆ ಹೇಳಿಕಳಿಸಿದ. ಇನ್ನು ಬೇಡ ಅಂದರೆ ಚೆನ್ನಾಗಿರಲ್ಲ ಅಂತ ನಾಲ್ಕಾರು ಜನರ ಜೊತೆ ಆಯುಧ ಇಲ್ಲದೆ ಹೋದ. ವಾಪಸ್ ಬರುವ ದಾರಿಯಲ್ಲಿ ಕಡಿದುಹಾಕಿದರು. ಪಕ್ಕದಲ್ಲಿದ್ದ ನಮ್ಮ ಭಾವ ಮೆಲ್ಲಗೆ, "ಒಮ್ಮೆ ಒಲ್ಲೆ ಅಂದಾವಗ ಮತ್ತ ಮತ್ತ ಹೇಳಿ ಕಳಸ್ತಾರಂದ್ರ ಏನೋ ಅದ ಅಂತ ತಿಳೀಬೇಕಿತ್ತಪಾ" ಅಂದರು.

ಕೊಲೆ ಮಾಡಿಸಿದವನು ತ್ರ್ಯಂಬಕಜಿಯೇ ಅಂತ ಎಲ್ಫಿನ್‌ಸ್ಟನ್ ಹಟ ಹಿಡಿದು ಅವನನ್ನು ಕೈವಶ ಮಾಡಿಕೊಂಡ, ಠಾಣೆ ಕೋಟೆಯಲ್ಲಿ ಇಟ್ಟ. ದೇಶೀ ಸಿಪಾಯಿಗಳನ್ನು ನಂಬೋಕಾಗಲ್ಲ ಅಂತ ಪಹರೆಗೆ ಬರೀ ಬಿಳಿಯರು. ಹೊರಗೆ ಕುದುರೆ ಉಜ್ಜುವ ಒಬ್ಬ ಮರಾಠಿ ಆಳು ಹಾಡು ಹೇಳಿಕೊಳ್ಳುತ್ತಿದ್ದನಂತೆ. ತಪ್ಪಿಸಿಕೊಳ್ಳುವ ಉಪಾಯ ಆ ಹಾಡಿನಲ್ಲೇ ಇತ್ತಂತೆ. ಮರಾಠಿ ಬಾರದ ಸೋಲ್ಜರುಗಳು ಪಾಪ, ತಲೆದೂಗಿರಬೇಕು. 1816ರ ಸೆಪ್ಟೆಂಬರ್‌ನಲ್ಲಿ ಹಕ್ಕಿ ಹಾರಿತು. ಹಾಡಿನ ಭಾಗ ಜನರ ಬಾಯಲ್ಲಿ ಬೆಳೆದಿದ್ದೂ ಇರಬಹುದು, ಆದರೆ ಓಡಿಹೋಗಿದ್ದು ಸತ್ಯ. ಕಾಗದ ಇಲ್ಲ, ಮುದ್ರೆ ಇಲ್ಲ, ಹಿಡಿಯಲು ಸಾಕ್ಷಿಯೂ ಇಲ್ಲ. ಟಪಾಲಿನವನಾಗಿ ನಾನು ಇದಕ್ಕೆ ಪೂರ್ತಿ ಮಾರ್ಕು ಕೊಡುತ್ತೇನೆ.

ಶಿಂದೆಯ ಆಳುಗಳಿಗೆ ಆ ಅದೃಷ್ಟ ಇರಲಿಲ್ಲ. 1817ರಲ್ಲಿ ನೇಪಾಳದ ದರ್ಬಾರಿಗೆ ಅವನ ಪತ್ರ ಒಯ್ಯುತ್ತಿದ್ದವರು ಸಿಕ್ಕಿಬಿದ್ದರು. ಕಾಗದಗಳು ಇದ್ದಿದ್ದು ಒಂದು ಸಂಸ್ಕೃತ ಪೋಥಿಯ ಹಾಳೆಗಳ ನಡುವೆ, ಅಂಟಿಸಿಟ್ಟಿದ್ದರು. ಗವರ್ನರ್ ಜನರಲ್ ಹೇಸ್ಟಿಂಗ್ಸ್ ಕೂಗಾಡಲಿಲ್ಲ. ತುಂಬಿದ ದರ್ಬಾರಿನಲ್ಲಿ ಅವನ್ನು ಶಿಂದೆಯ ಕೈಗೇ ವಾಪಸ್ ಕೊಡಿಸಿದ. "ಬರೆದವರಿಗೆ ಹಿಂತಿರುಗಿಸಿ" ಅಂತ ನಾವು ಸಾವಿರಾರು ಲಕೋಟೆಗೆ ಠಸ್ಸೆ ಹೊಡೆದಿದ್ದೇವೆ, ಆದರೆ ಯಾರ ಮುಖವೂ ಶಿಂದೆಯ ಮುಖದ ಹಾಗೆ ಆಗಿರಲಿಕ್ಕಿಲ್ಲ.

ಪುಣೆಯಲ್ಲೋ, ಪೇಶ್ವೆಯ ಮನೆಯ ಮಾತು ನದಿಗಳು ಕೂಡುವ ಸಂಗಮದಲ್ಲಿದ್ದ ರೆಸಿಡೆನ್ಸಿಗೆ, ಅಂದರೆ ರೆಸಿಡೆಂಟನ ಬಂಗಲೆಗೆ, ತಾನಾಗಿ ಹರಿದು ಹೋಗುತ್ತಿತ್ತು. ಬಾಳಾಜಿಪಂತ ನಾತು ಅಂಥವರು ಸುದ್ದಿ ಮುಟ್ಟಿಸುತ್ತಿದ್ದರು. ಪುಣೆ ಇಂಗ್ಲಿಷರ ಕೈಸೇರಿದಾಗ, 1817ರ ನವೆಂಬರ್ 17ಕ್ಕೆ ಶನಿವಾರವಾಡಾ ಮೇಲೆ ಇಂಗ್ಲಿಷ್ ಬಾವುಟ ಏರಿಸಿದ್ದೂ ಇದೇ ನಾತು. ಅವನ ಹೆಸರು ಬಂದಾಗ ಗುಂಪಿನ ಹಿರಿಯರೊಬ್ಬರು ಜೋರಾಗಿ ಬೈದರು. ಹುಡುಗಿ ನಗುತ್ತಾ, "ಕಾಕಾ, ಸಂಬಳ ನಿಂತ ದರ್ಬಾರಿನಲ್ಲಿ ನಾತು ಒಬ್ಬನೇ ಇರಲಿಲ್ಲ" ಅಂದಳು. ಸರಿಯಾಗೇ ಹೇಳಿದಳು.

ಈಗ ದೂರುಗಳು.

ಒಂದು, ಕರ್ನಾಟಕ ಮಂಗಮಾಯ. 1803ರಲ್ಲಿ ಬಾಜೀರಾವ್‌ನನ್ನು ಮತ್ತೆ ಗಾದಿಗೆ ಕೂರಿಸಲು ಆರ್ಥರ್ ವೆಲ್ಲೆಸ್ಲಿ ದಂಡು ತಂದಿದ್ದು ನಮ್ಮ ಹರಿಹರದಿಂದ, ತುಂಗಭದ್ರೆ ದಾಟಿ. ಅದು ಬರಲೇ ಇಲ್ಲ. ಪೇಶ್ವೆ ಇಂಗ್ಲಿಷರ ಜೊತೆ ಮಾಡಿಕೊಂಡ 1817ರ ಜೂನ್ ಒಪ್ಪಂದ ಹೇಳುವಾಗ, ಪೇಶ್ವೆ ಇನ್ನು ಯಾವ ದರ್ಬಾರಿಗೂ ವಕೀಲರನ್ನು ಕಳಿಸುವಂತಿಲ್ಲ, ಕರೆಸಿಕೊಳ್ಳುವಂತಿಲ್ಲ ಅನ್ನೋದನ್ನು ಚೆನ್ನಾಗಿ ಬಿಡಿಸಿ ಹೇಳಿದಳು. ಬಿಟ್ಟುಕೊಟ್ಟ ಊರುಗಳ ಪಟ್ಟಿಗೆ ಬಂದಾಗ ಮಾತ್ರ "ಇತ್ಯಾದಿ" ಅಂದುಬಿಟ್ಟಳು. ಆ ಇತ್ಯಾದಿಯಲ್ಲಿ ಧಾರವಾಡ, ಕುಸುಗಲ್ ಇವೆ! ನಾನು ಹೇಳಿದಾಗ ಭಾವನಿಗೆ ಜೀವ ಬಂತು. "ಕುಸುಗಲ್ಲ ಅಂದ್ರ ನಮ್ಮ ಹುಬ್ಬಳ್ಳಿ ಬಾಜೂಕ ಐತಲ್ಲೋ! ಯಾರನ್ನ ಕೇಳಿ ಕೊಟ್ಟರಂತ?" ಅಂತ ಮರಾಠಿ ಗುಂಪಿನ ನಡುವೆ ಕನ್ನಡದಲ್ಲೇ ದಬಾಯಿಸಿದರು.

ಎರಡು, ಜೆರಾಕ್ಸ್. ಮೋಡಿ ಪತ್ರಗಳ ನಕಲು ಕಪ್ಪಗೆ ಮಸಿ ಬಳಿದಂತಿತ್ತು. ಪಕ್ಕದಲ್ಲಿ ದೇವನಾಗರಿಯಲ್ಲಿ ಬರೆದುಕೊಟ್ಟಿದ್ದಕ್ಕೆ ಬಚಾವು. 500 ರೂಪಾಯಿ ತಗೊಂಡ ಮೇಲೆ ಒಳ್ಳೆಯ ಪ್ರಿಂಟ್ ಕೊಡಬಹುದು, ಅಲ್ವಾ?

ಐದನೇ ಸ್ಟಾರ್ ಹೋಗಿದ್ದು ಸಂಗಮದಲ್ಲಿ. ಪೇಟೆಯಿಂದ ಅಲ್ಲಿಗೆ ಅವರವರ ರಿಕ್ಷಾದಲ್ಲಿ ಬನ್ನಿ ಅಂದರು. ಅರ್ಧ ಜನ ದಾರಿಯಲ್ಲೇ ಕಳಚಿಕೊಂಡರು. ಉಳಿದವರು ಸಂಗಮ ಸೇತುವೆಯ ಗದ್ದಲದಲ್ಲಿ ನಿಂತೆವು, ಮೈಕ್ ಬ್ಯಾಟರಿ ಮುಗಿದಿತ್ತು. ಅಲ್ಲಿ ಹೇಳಬೇಕಿದ್ದದ್ದೋ ದೊಡ್ಡ ಮಾತು. 1817ರ ನವೆಂಬರ್ 5ಕ್ಕೆ, ಪೇಶ್ವೆಗೂ ಇಂಗ್ಲಿಷರಿಗೂ ಖಡಕಿಯಲ್ಲಿ ಯುದ್ಧ ನಡೆದ ದಿನ ಎಲ್ಫಿನ್‌ಸ್ಟನ್ ರೆಸಿಡೆನ್ಸಿ ಬಿಟ್ಟು ಹೋಗುತ್ತಿದ್ದಂತೆ ಪೇಶ್ವೆಯ ಜನ ಅದಕ್ಕೆ ಬೆಂಕಿ ಇಟ್ಟರು. ಅವನ ಪುಸ್ತಕ, ಕಾಗದಪತ್ರ ಸುಟ್ಟುಹೋದವು. ಅದೇ ದಿನ ಗ್ವಾಲಿಯರ್‌ನಲ್ಲಿ ಶಿಂದೆ ಇಂಗ್ಲಿಷರ ಒಪ್ಪಂದಕ್ಕೆ ಸಹಿ ಹಾಕಿದ. ಪೇಶ್ವೆ ಯಾರ ಆಸರೆ ನಂಬಿ ಕದ್ದು ಬರೆಯುತ್ತಿದ್ದನೋ, ಅವನೇ ಅವತ್ತು ಕೈಕಟ್ಟಿ ಕೂತ. ಇದು ನನಗೆ ಅರ್ಧಂಬರ್ಧ ಕೇಳಿಸಿತು. ಬಸ್ಸಿನ ಹಾರ್ನ್ ಪೂರ್ತಿ ಕೇಳಿಸಿತು.

ಹೋಗುವವರಿಗೆ ಒಂದೆರಡು ಮಾತು. ಬೆಳಗ್ಗೆ ಏಳಕ್ಕೆ ಅಂದರೆ ಏಳೂವರೆ. ಮಧ್ಯದಲ್ಲಿ ಶೌಚಾಲಯದ ವ್ಯವಸ್ಥೆ ಇಲ್ಲ, ವಯಸ್ಸಾದವರು ನೋಡಿಕೊಂಡು ಹೋಗಿ. ಚಿಕ್ಕ ಮಕ್ಕಳಿಗೆ ಬೇಜಾರಾಗುತ್ತದೆ, ಇದರಲ್ಲಿ ಕತ್ತಿ ಕಮ್ಮಿ, ಕಾಗದ ಜಾಸ್ತಿ. ಹೈಸ್ಕೂಲ್ ದಾಟಿದ ಮಕ್ಕಳನ್ನು ಖಂಡಿತ ಕರಕೊಂಡು ಹೋಗಿ. ಪ್ರಶ್ನೆ ಕೇಳಿದರೆ ಹುಡುಗಿ ಖುಷಿಯಿಂದ ನಿಂತು ಹೇಳುತ್ತಾಳೆ. ನಾನು ಅಷ್ಟು ಕೇಳಿದರೂ ಮುಖ ಸಿಂಡರಿಸಲಿಲ್ಲ.

ಮಳೆಗಾಲ ಮುಗಿದ ಮೇಲೆ ಸಾತಾರಾದಲ್ಲಿ ಇಂಥದ್ದೇ ಒಂದು ಮಾಡುತ್ತಾರಂತೆ. ಗೋವೆಯ ಪೋರ್ಚುಗೀಸರ ಜೊತೆ ಕದ್ದು ಪತ್ರ ವ್ಯವಹಾರ ಮಾಡಿದ ಅಂತ ಆರೋಪ ಹೊರಿಸಿ 1839ರಲ್ಲಿ ಇಂಗ್ಲಿಷರು ಗಾದಿಯಿಂದ ಇಳಿಸಿದ ಪ್ರತಾಪಸಿಂಹ ಮಹಾರಾಜರ ಕತೆ, ಅವರ ಪರವಾಗಿ ಲಂಡನ್ನಿಗೆ ಹೋಗಿ ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದ ರಂಗೋ ಬಾಪೂಜಿಯ ಕತೆ. ನಾನೂ ಭಾವನೂ ಹೆಸರು ಕೊಟ್ಟಿದ್ದೇವೆ. ಬಸ್ಸಿನ ವ್ಯವಸ್ಥೆ ಅವರದೋ ನಮ್ಮದೋ ಅಂತ ವಾಟ್ಸಾಪ್‌ನಲ್ಲಿ ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.