₹999ರ ‘ಲೈಫ್‌ಟೈಮ್’ ಮೇಲ್ ಪ್ರೋಗ್ರಾಂ ತಗೊಂಡು ಕೆಟ್ಟೆ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಆಫ್‌ಸೆಟ್ ಪ್ರೆಸ್. ಮದುವೆ ಪತ್ರಿಕೆ, ಬಿಲ್ ಬುಕ್ಕು, ಕರಪತ್ರ. ಜುಲೈ ಬಂತು ಅಂದರೆ ಸಹಕಾರ ಸಂಘಗಳ ವಾರ್ಷಿಕ ವರದಿ. ಸೆಪ್ಟೆಂಬರ್‌ನಲ್ಲಿ ಅವರ ಮಹಾಸಭೆಗಳು ಮುಗಿಯುವವರೆಗೆ ನಮಗೆ ಊಟಕ್ಕೂ ಪುರುಸೊತ್ತಿಲ್ಲ. ಮದುವೆಯವರು ಎಲ್ಲವನ್ನೂ ವಾಟ್ಸ್‌ಆ್ಯಪ್‌ನಲ್ಲೇ ಮುಗಿಸುತ್ತಾರೆ. ಸಂಘದವರು ಹಾಗಲ್ಲ. ಲೆಕ್ಕಪತ್ರ, ಪ್ರೂಫ್, ತಿದ್ದುಪಡಿ ಎಲ್ಲ ಮೇಲ್‌ನಲ್ಲೇ ಆಗಬೇಕು. ನಾಳೆ ಯಾರಾದರೂ ಕೇಳಿದರೆ ತೋರಿಸೋಕೆ ಇರಲಿ ಅಂತ. ಸರಿಯಾದ ಮಾತೇ. ಆದರೆ ಯಾರೋ ಕೇಳಿದ ದಿನ ತೋರಿಸೋಕೆ ನನ್ನ ಹತ್ತಿರ ಏನೂ ಇರಲಿಲ್ಲ.

ನಮ್ಮ ಹಳೇ ಎಕ್ಸ್‌ಪಿ ಕಂಪ್ಯೂಟರ್‌ನಲ್ಲಿ ಔಟ್‌ಲುಕ್ ಎಕ್ಸ್‌ಪ್ರೆಸ್ ಇತ್ತು. ಆಮೇಲೆ ವಿಂಡೋಸ್ 10ರಲ್ಲಿ ‘ಮೇಲ್’ ಅನ್ನುವ ಆ್ಯಪ್. ಎರಡೂ ವಿಂಡೋಸ್ ಜೊತೆಗೇ ಬಂದವು. ಮೇಲ್ ಪ್ರೋಗ್ರಾಂಗೆ ದುಡ್ಡು ಕೊಡಬೇಕು ಅನ್ನೋದೇ ನನ್ನ ತಲೆಯಲ್ಲಿರಲಿಲ್ಲ. 2024ರ ಡಿಸೆಂಬರ್ 31ಕ್ಕೆ ಮೈಕ್ರೋಸಾಫ್ಟ್ ಆ ಆ್ಯಪ್ ನಿಲ್ಲಿಸಿತು. ಬದಲಿಗೆ ‘ಹೊಸ ಔಟ್‌ಲುಕ್’ ತಗೊಳ್ಳಿ ಅಂದಿತು. ಅದೂ ಉಚಿತವೇ. ಆದರೆ ಮೇಲ್‌ಗಳ ಸಾಲಿನಲ್ಲಿ ಜಾಹೀರಾತು ಕೂಡ ಮೇಲ್ ಥರಾನೇ ಬಂದು ಕೂರುತ್ತದೆ. ಬೇರೆ ಕಡೆಯ ಖಾತೆ ಸೇರಿಸಿದರೆ ಮೇಲ್‌ನ ಪ್ರತಿ ಅವರ ಕ್ಲೌಡ್‌ಗೂ ಹೋಗುತ್ತದೆ. ಸಂಘಗಳ ಲೆಕ್ಕಪತ್ರ ಇರುವ ಮೇಲ್ ಅದು, ಸುಮ್ನೆ ಯಾಕೆ ಅಂತ ಬಿಟ್ಟೆ.

ಹೊಸ ಕಂಪ್ಯೂಟರ್ ಜೊತೆ ಆಫೀಸ್ ಬಂದಿತ್ತಲ್ಲ, ಅದರಲ್ಲಿ ದುಡ್ಡು ಕೊಟ್ಟು ಕೊಳ್ಳುವ ದೊಡ್ಡ ಔಟ್‌ಲುಕ್ ಇದ್ದೇ ಇರುತ್ತದೆ ಅಂದುಕೊಂಡೆ. ಹುಡುಕಿದೆ, ಹುಡುಕಿದೆ, ಇಲ್ಲ. ‘ಹೋಮ್ ಅಂಡ್ ಸ್ಟೂಡೆಂಟ್’ ಅನ್ನುವ ಆಫೀಸ್‌ನಲ್ಲಿ ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್ ಇರುತ್ತವೆ, ಔಟ್‌ಲುಕ್ ಇರುವುದಿಲ್ಲ. ಲ್ಯಾಪ್‌ಟಾಪ್ ಜೊತೆ ಆಗ ಕೊಡುತ್ತಿದ್ದದ್ದು ಬಹಳ ಸಲ ಇದನ್ನೇ. ಔಟ್‌ಲುಕ್ ಬೇಕಿದ್ದರೆ ‘ಹೋಮ್ ಅಂಡ್ ಬಿಸಿನೆಸ್’ ತಗೋಬೇಕು. ಅದರ ದರ ಕೇಳಿ ಫೋನ್ ಇಟ್ಟೆ.

ಆಗ ಕಣ್ಣಿಗೆ ಬಿತ್ತು ಈ ₹999ರ ಜಾಹೀರಾತು. ‘ಒಮ್ಮೆ ಕೊಡಿ, ಲೈಫ್‌ಟೈಮ್ ಬಳಸಿ.’ ನೋಡೋಕೆ ಚೆನ್ನಾಗಿತ್ತು, ಬೇಗ ತೆರೆಯುತ್ತಿತ್ತು, ಜಾಹೀರಾತು ಇರಲಿಲ್ಲ. 2025ರ ಜನವರಿಯಲ್ಲಿ ಕೊಂಡೆ. ಹೆಸರು ಹೇಳುವುದಿಲ್ಲ. ಇದೇ ಥರದ್ದು ಹತ್ತಾರು ಇವೆ, ಒಂದರ ಹೆಸರು ಹೇಳಿದರೆ ನೀವು ಇನ್ನೊಂದಕ್ಕೆ ಹೋಗಿ ಬೀಳುತ್ತೀರಿ.

ಇನ್‌ಸ್ಟಾಲ್ ಮಾಡಿದ್ದು ನಮ್ಮ ಡಿಟಿಪಿ ಹುಡುಗ. ಖಾತೆ ಸೇರಿಸುವಾಗ ಅದು ಪಾಪ್ ಬೇಕೋ ಐಮ್ಯಾಪ್ ಬೇಕೋ ಅಂತ ಕೇಳಿತು. ಪಾಪ್‌ಗೆ ಮೊದಲೇ ಟಿಕ್ ಹಾಕಿತ್ತು. ಅವನು ‘ನೆಕ್ಸ್ಟ್’ ಒತ್ತಿದ. ನಾನು ಪಕ್ಕದಲ್ಲೇ ಚಹಾ ಕುಡಿಯುತ್ತಾ ಕೂತಿದ್ದೆ.

ಈ ಎರಡು ಪದ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ, ನನಗೂ ಗೊತ್ತಿರಲಿಲ್ಲ. ಪಾಪ್ ಅಂದರೆ ಪೋಸ್ಟಾಫೀಸಿಗೆ, ಅಂದರೆ ಮೇಲ್ ಬಂದು ಬೀಳುವ ಸರ್ವರ್‌ಗೆ, ಹೋಗಿ ನಮ್ಮ ಕಾಗದವನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬರುವುದು. ‘ಸರ್ವರ್‌ನಲ್ಲಿ ಒಂದು ಪ್ರತಿ ಇರಲಿ’ ಅಂತ ಸೆಟ್ಟಿಂಗ್‌ನಲ್ಲಿ ಹೇಳದಿದ್ದರೆ ಅಲ್ಲಿ ಏನೂ ಉಳಿಯುವುದಿಲ್ಲ. ಐಮ್ಯಾಪ್‌ನಲ್ಲಿ ಕಾಗದ ಅಲ್ಲೇ ಇರುತ್ತದೆ. ಪ್ರೆಸ್‌ನ ಕಂಪ್ಯೂಟರ್, ಮನೆ ಲ್ಯಾಪ್‌ಟಾಪ್, ಫೋನ್, ಎಲ್ಲಿಂದ ನೋಡಿದರೂ ಅದೇ ಕಾಣುತ್ತದೆ.

ನಮ್ಮ ಪ್ರೆಸ್ ಹೆಸರಿನ ಮೇಲ್ ಇರೋದು ಸರ್ವರ್‌ನಲ್ಲಿ ಜಾಗ ಬಾಡಿಗೆಗೆ ಕೊಡುವ ಒಂದು ಸಣ್ಣ ಹೋಸ್ಟಿಂಗ್ ಕಂಪನಿಯಲ್ಲಿ. ಜಾಗ 1 ಜಿಬಿ. ವಾರಕ್ಕೊಮ್ಮೆ ‘ನಿಮ್ಮ ಮೇಲ್‌ಬಾಕ್ಸ್ ತುಂಬಿದೆ’ ಅಂತ ಕಾಟ ಕೊಡುತ್ತಿತ್ತು. ಹೊಸ ಪ್ರೋಗ್ರಾಂ ಹಾಕಿದ ಮೇಲೆ ಆ ಕಾಟ ನಿಂತೇ ಹೋಯಿತು. ಎಂಥ ಒಳ್ಳೆ ಸಾಫ್ಟ್‌ವೇರ್ ಅಂತ ಇಬ್ಬರು ಗೆಳೆಯರಿಗೂ ಹೇಳಿದೆ. ಈಗ ಅವರ ಮುಖ ನೋಡೋಕೆ ನಾಚಿಕೆ.

ಇನ್ನು ಆಗಸ್ಟ್ ಕೊನೆಯ ವಾರಕ್ಕೆ ಬರೋಣ. ಒಂದು ಪತ್ತಿನ ಸಹಕಾರ ಸಂಘದ ವರದಿ, 1,500 ಪ್ರತಿ. ಕಾರ್ಯದರ್ಶಿಗಳಿಗೆ ಕೊನೇ ಪ್ರೂಫ್ ಕಳಿಸಿ, ‘ನಾಳೆ ಬೆಳಗ್ಗೆ 10ರೊಳಗೆ ತಿದ್ದುಪಡಿ ಬರದಿದ್ದರೆ ಪ್ಲೇಟ್ ಹಾಕಿಸುತ್ತೇವೆ’ ಅಂತ ಬರೆದಿದ್ದೆವು. ಪ್ಲೇಟ್ ಅಂದರೆ ಅಚ್ಚು ಹೊಡೆಯುವ ತಗಡು. ಸಂಜೆ ಆರೂವರೆಗೆ ಹುಡುಗ ಮನೆಗೆ ಹೋದ. ಕಂಪ್ಯೂಟರ್ ಆನ್ ಇಟ್ಟೇ ಹೋದ.

ಮಾರನೇ ದಿನ ಬೆಳಗ್ಗೆ ಮೇಲ್ ತೆರೆದರೆ ಒಂದು ಬಿಳಿ ಪರದೆ. ರಾತ್ರಿ ಪ್ರೋಗ್ರಾಂ ತಾನಾಗೇ ಅಪ್‌ಡೇಟ್ ಆಗಿದೆ, ನಿಮ್ಮ ಲೈಫ್‌ಟೈಮ್ ಲೈಸೆನ್ಸ್ ಹಿಂದಿನ ಆವೃತ್ತಿಗೆ ಮಾತ್ರ, ಮುಂದುವರಿಯಲು ಖರೀದಿಸಿ. ಎರಡೇ ಬಟನ್. ಒಂದು ‘ಬೈ ನೌ’, ಇನ್ನೊಂದು ‘ಕ್ಲೋಸ್’. ಹಳೇ ಮೇಲ್ ನೋಡೋಕೂ ದಾರಿಯಿಲ್ಲ. ಲೈಫ್‌ಟೈಮ್ ಅಂದರೆ ನನ್ನ ಲೈಫ್‌ಟೈಮ್ ಅಂದುಕೊಂಡಿದ್ದೆ. ಆ ಆವೃತ್ತಿಯದಂತೆ. ಎಂಟು ತಿಂಗಳು ಬದುಕಿತು ಪಾಪ. ಸಹಾಯವಾಣಿಯ ನಂಬರ್ ಹುಡುಕಿದೆ. ನಂಬರ್ ಇಲ್ಲ, ‘ನಮಗೆ ಮೇಲ್ ಮಾಡಿ’ ಅಂತಿತ್ತು!

ಆಗಲಿ, ಬ್ರೌಸರ್‌ನಲ್ಲಿ ನೋಡೋಣ ಅಂತ ಹೋಸ್ಟಿಂಗ್ ಕಂಪನಿಯ ವೆಬ್‌ಮೇಲ್ ತೆರೆದೆ. ಇನ್‌ಬಾಕ್ಸ್ ಖಾಲಿ. ನಾನು ತಿಳಿದುಕೊಂಡಿದ್ದು ಏನು? ತಿದ್ದುಪಡಿ ಬಂದಿಲ್ಲ, ಅಂದರೆ ಎಲ್ಲ ಸರಿ ಇದೆ. ಹತ್ತೂಕಾಲಿಗೆ ಪ್ಲೇಟ್‌ಗೆ ಕೊಟ್ಟೆ.

ಮೂರನೇ ದಿನ ಬಂಡಲ್ ಕಳಿಸಿದೆವು. ಅರ್ಧ ಗಂಟೆಯಲ್ಲಿ ಕಾರ್ಯದರ್ಶಿಗಳು ಒಂದು ಪುಸ್ತಕ ಹಿಡಿದುಕೊಂಡು ಪ್ರೆಸ್‌ಗೇ ಬಂದರು. “ಏನ್ರೀ ಇದು, ಡಿವಿಡೆಂಡ್ ಶೇಕಡಾ 12 ಅಂತ ಹಾಗೇ ಹೊಡೆದೀರಲ್ಲ? 10 ಮಾಡ್ರಿ ಅಂತ ಬರೆದಿದ್ನಲ್ಲ?”

“ಸಾರ್, ಅಂಥ ಮೇಲೇ ಬಂದಿಲ್ಲ. ನಾನೇ ಕೂತು ನೋಡೀನಿ,” ಅಂದೆ. ಸ್ವಲ್ಪ ದನಿ ಏರಿಸಿಯೇ ಅಂದೆ ಅನಿಸುತ್ತದೆ.

ಅವರು ಜೇಬಿನಿಂದ ಫೋನ್ ತೆಗೆದರು. ಕನ್ನಡಕ ಹಣೆಗೇರಿಸಿ, ಬೆರಳಲ್ಲಿ ನಾಲ್ಕು ಸಲ ಮೇಲಕ್ಕೆ ಸರಿಸಿದರು. ನನ್ನ ಮುಂದೆ ಹಿಡಿದರು. ಪುಕ್ಕಟೆ ಜಿಮೇಲ್. ‘ಪುಟ 6, ಡಿವಿಡೆಂಡ್ 12 ಬದಲು 10 ಮಾಡುವುದು. ಉಳಿದದ್ದು ಸರಿ ಇದೆ.’ ಕಳಿಸಿದ್ದು ಸಂಜೆ 7:08ಕ್ಕೆ. ನಮ್ಮ ಕಂಪ್ಯೂಟರ್ ಅದನ್ನು ಇಳಿಸಿಕೊಂಡಿತ್ತು, ಸರ್ವರ್‌ನಿಂದ ಅಳಿಸಿತ್ತು, ರಾತ್ರಿ ಬೀಗ ಹಾಕಿಕೊಂಡಿತ್ತು.

ಆ ಜಾಗಕ್ಕೆ ಸಣ್ಣ ಚೀಟಿ ಅಂಟಿಸಿ ಕೊಡುತ್ತೇನೆ ಅಂದೆ. ಅವರು ಒಪ್ಪಲಿಲ್ಲ. ಡಿವಿಡೆಂಡ್ ಮೇಲೆ ಚೀಟಿ ಅಂಟಿಸಿದ್ದು ಕಂಡರೆ ಶೇರುದಾರರು ಸಭೆಯಲ್ಲಿ ಬಿಡ್ತಾರೇನ್ರಿ ಅಂದರು. ಅದೂ ನಿಜ. 1,500 ಪುಸ್ತಕದ ಪಿನ್ ಕಿತ್ತು, ಆ ಪುಟ ಇರುವ ಫಾರಂ (ಒಂದೇ ಹಾಳೆಯಲ್ಲಿ ಅಚ್ಚಾಗುವ ಪುಟಗಳು) ಪೂರ್ತಿ ಮತ್ತೆ ಹೊಡೆದು, ಮತ್ತೆ ಮಡಚಿ, ಮತ್ತೆ ಪಿನ್ ಹೊಡೆದು, ಮತ್ತೆ ಕಟಿಂಗ್. ಕಾಗದ, ಪ್ಲೇಟು, ಎರಡು ರಾತ್ರಿಯ ಓವರ್‌ಟೈಮ್ ಸೇರಿ ₹21,000 ಹತ್ತಿರ ಕೈಬಿಟ್ಟಿತು. ದೊಡ್ಡ ಔಟ್‌ಲುಕ್‌ನ ದರ ಕೇಳಿ ಫೋನ್ ಇಟ್ಟಿದ್ದೆ ಅಲ್ವಾ, ಅದು ನೆನಪಾಯಿತು.

ಈಗ ಹೊಸದಾಗಿ ಮೇಲ್ ಪ್ರೋಗ್ರಾಂ ಹುಡುಕುತ್ತಿರುವವರಿಗೆ ನನ್ನ ಮಾತು: ಬೆಲೆ ಆಮೇಲೆ ನೋಡಿ. ಮೊದಲು ಕೇಳಬೇಕಾದ್ದು, ನನ್ನ ಮೇಲ್ ಎಲ್ಲಿ ಕೂತಿರುತ್ತದೆ, ನಾಳೆ ಇದು ಬೇಡ ಅನಿಸಿದರೆ ಅದನ್ನು ಹೊರಗೆ ತೆಗೆಯೋದು ಹೇಗೆ. ನನ್ನದರಲ್ಲಿ ಎಲ್ಲ ಮೇಲ್ ಒಂದೇ ಫೈಲ್‌ನಲ್ಲಿತ್ತು, ನಾಲ್ಕೂವರೆ ಜಿಬಿ. ಬೇರೆ ಯಾವ ಪ್ರೋಗ್ರಾಂನಲ್ಲೂ ಅದು ತೆರೆಯಲಿಲ್ಲ. ‘ಎಕ್ಸ್‌ಪೋರ್ಟ್’ ಸೌಲಭ್ಯ ದುಬಾರಿ ಪ್ಲಾನ್‌ನಲ್ಲಿ ಮಾತ್ರ. ಕೊಳ್ಳುವ ದಿನವೇ ಪ್ರಯೋಗಕ್ಕೆ ಹತ್ತು ಮೇಲ್ ಹೊರಗೆ ತೆಗೆದು ನೋಡಿದ್ದರೆ ಗೊತ್ತಾಗುತ್ತಿತ್ತು.

‘ಉಚಿತ’ ಅನ್ನೋದನ್ನೂ ಕಣ್ಣು ಮುಚ್ಚಿ ನಂಬಬೇಡಿ. ಇಎಂ ಕ್ಲೈಂಟ್ ಅನ್ನುವ ಮೇಲ್ ಪ್ರೋಗ್ರಾಂ ಒಳ್ಳೆಯದೇ, ಆದರೆ ಅದರ ಉಚಿತ ಆವೃತ್ತಿ ಸ್ವಂತ ಬಳಕೆಗೆ ಮಾತ್ರ, ವ್ಯಾಪಾರಕ್ಕೆ ಅಲ್ಲ. ಜೋಹೊ ಮೇಲ್‌ನ ಉಚಿತ ಪ್ಲಾನ್‌ನಲ್ಲಿ ಪಾಪ್, ಐಮ್ಯಾಪ್ ಎರಡೂ ಇಲ್ಲ, ಬ್ರೌಸರ್‌ನಲ್ಲೋ ಅವರದೇ ಆ್ಯಪ್‌ನಲ್ಲೋ ನೋಡಬೇಕು. ನಿಮಗೆ ಅದೇ ಸಾಕು ಅಂದರೆ ಸರಿ. ಇನ್ನು ₹500ಕ್ಕೆ ಔಟ್‌ಲುಕ್ ಲೈಸೆನ್ಸ್ ಕೀ ಕೊಡ್ತೀನಿ ಅನ್ನುವವರ ಹತ್ತಿರ ಹೋಗಲೇಬೇಡಿ. ಜಿಎಸ್‌ಟಿ ಬಿಲ್ ಕೊಡಿ ಅಂತ ಕೇಳಿ ನೋಡಿ, ಮಾತು ಅಲ್ಲಿಗೇ ನಿಲ್ಲುತ್ತದೆ.

ನಾನು ಕೊನೆಗೆ ಬಂದು ನಿಂತಿದ್ದು ಥಂಡರ್‌ಬರ್ಡ್‌ಗೆ. ಮೊಜಿಲ್ಲಾದವರದ್ದು, 1.0 ಆವೃತ್ತಿ 2004ರಲ್ಲೇ ಬಂದಿದೆ, ಜನ ಕೊಡುವ ದೇಣಿಗೆಯಲ್ಲಿ ನಡೆಯುತ್ತದೆ. ಆಫೀಸಿಗೂ ಉಚಿತ. ಮೇಲ್ ಇಡುವ ಫೈಲ್ ಎಂಬಾಕ್ಸ್ ಅನ್ನುವ ಹಳೇ, ಎಲ್ಲರಿಗೂ ಗೊತ್ತಿರುವ ಬಗೆ, ಬೇರೆ ಪ್ರೋಗ್ರಾಂಗಳೂ ಓದುತ್ತವೆ. ನೋಡೋಕೆ ಅಷ್ಟೇನೂ ಚೆಂದ ಇಲ್ಲ. ನಮ್ಮ ಹುಡುಗನಿಗೆ ಇನ್ನೂ ಇಷ್ಟವಾಗಿಲ್ಲ. ನುಡಿ ಫಾಂಟ್‌ನಲ್ಲಿ ಹೊಡೆದು ಮೇಲ್‌ಗೆ ಅಂಟಿಸಿ ಕಳಿಸುತ್ತಾರಲ್ಲ, ಅದು ಇದರಲ್ಲೂ ಕಲಸುಮೇಲೋಗರವಾಗಿಯೇ ಕಾಣುತ್ತದೆ. ಅಂಥವರಿಗೆ ಪಿಡಿಎಫ್ ಕಳಿಸಿ ಅಂತ ಹೇಳುತ್ತೇನೆ. ಈ ಸಲ ಐಮ್ಯಾಪ್‌ಗೆ ನಾನೇ ಟಿಕ್ ಹಾಕಿದೆ. ಹೋಸ್ಟಿಂಗ್‌ನವರಿಗೆ ಹೇಳಿ ಜಾಗವನ್ನು 10 ಜಿಬಿಗೆ ಏರಿಸಿಕೊಂಡೆ.

ಬೀಗ ಬಿದ್ದ ಹಳೇ ಮೇಲ್ ತೆಗೆಯುವ ಬಗೆ ನನ್ನಂತೆ ಸಿಕ್ಕಿಬಿದ್ದವರಿಗೆ ಉಪಯೋಗವಾಗಬಹುದು. ಆ ಕಂಪನಿಗೆ ಒಂದು ತಿಂಗಳ ಲೈಸೆನ್ಸ್ ಅಂತ ₹450 ಕಟ್ಟಿದೆ. ಹಲ್ಲು ಕಚ್ಚಿಕೊಂಡೇ ಕಟ್ಟಿದೆ. ಪ್ರೆಸ್ ಹೆಸರಲ್ಲಿ ಒಂದು ಹೊಸ ಜಿಮೇಲ್ ತೆರೆದೆ, 15 ಜಿಬಿ ಪುಕ್ಕಟೆ ಸಿಗುತ್ತದೆ. ಅದನ್ನು ಐಮ್ಯಾಪ್ ಖಾತೆಯಾಗಿ ಅದೇ ಹಳೇ ಪ್ರೋಗ್ರಾಂಗೆ ಸೇರಿಸಿದೆ. ಮಾಮೂಲಿ ಪಾಸ್‌ವರ್ಡ್ ಹಾಕಿದರೆ ಒಪ್ಪಲಿಲ್ಲ. 2022ರ ಮೇ 30ರಿಂದ ಗೂಗಲ್ ಅದನ್ನು ನಿಲ್ಲಿಸಿದೆ. ಎರಡು ಹಂತದ ಪರಿಶೀಲನೆ ಆನ್ ಮಾಡಿ 16 ಅಕ್ಷರದ ‘ಆ್ಯಪ್ ಪಾಸ್‌ವರ್ಡ್’ ತಗೊಂಡ ಮೇಲೆ ಒಳಗೆ ಬಿಟ್ಟಿತು. ಆಮೇಲೆ ಸುಲಭ. ಎಡಗಡೆ ಪಟ್ಟಿಯಲ್ಲಿ ಹಳೇ ಫೋಲ್ಡರ್, ಅದರ ಕೆಳಗೆ ಜಿಮೇಲ್. ಇಲ್ಲಿಂದ ಮೇಲ್ ಆರಿಸಿ ಅಲ್ಲಿಗೆ ಕಾಪಿ ಮಾಡುವುದು. ‘ಮೂವ್’ ಅಲ್ಲ, ಕಾಪಿ. ಒಂದೇ ಸಲ ಎಲ್ಲ ಎಳೆದರೆ ಮಧ್ಯದಲ್ಲಿ ನಿಂತುಬಿಡುತ್ತದೆ, ಯಾವುದು ಹೋಯಿತು ಯಾವುದು ಉಳಿಯಿತು ತಿಳಿಯುವುದಿಲ್ಲ. ಅದಕ್ಕೇ ದಿನಕ್ಕೆ 400 ಎಂಬಿ ದಾಟಿಸುವುದಿಲ್ಲ. ಹುಡುಗ ಮಧ್ಯಾಹ್ನ ಊಟ ಮುಗಿಸಿ ಬಂದು ಒಂದೊಂದು ತಿಂಗಳಿನದು ಎಳೆಯುತ್ತಾನೆ, ಎಣಿಸುತ್ತಾನೆ, ಗೋಡೆಯ ಕ್ಯಾಲೆಂಡರ್‌ನಲ್ಲಿ ಟಿಕ್ ಹಾಕುತ್ತಾನೆ. ಜುಲೈ ಮತ್ತು ಆಗಸ್ಟ್ ಬಾಕಿ ಇದೆ, ಭಾರದ ಫೈಲ್‌ಗಳೆಲ್ಲ ಅವೆರಡರಲ್ಲೇ ಇವೆ. ಲೈಸೆನ್ಸ್ ಮುಗಿಯೋಕೆ ಇನ್ನು 6 ದಿನ.