ವ್ಯಾಕರಣದ ಪುಸ್ತಕ ಕೊಳ್ಳುವ ಮೊದಲು ನಡುವಿನ ಪುಟ ತೆರೆದು ನೋಡಿ

ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವವರು, ಅದರಲ್ಲೂ ಎಂಟು ಒಂಬತ್ತು ವರ್ಷದವರಿಗೆ ಕನ್ನಡ ವ್ಯಾಕರಣದ ಪುಸ್ತಕ ಹುಡುಕುತ್ತಿರುವವರು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ. ಹೋದದ್ದು ಬರೀ ದುಡ್ಡಾಗಿದ್ದರೆ ಬರೆಯುತ್ತಿರಲಿಲ್ಲ.

ಪುಸ್ತಕ ಬರುವ ಮೊದಲು ನನ್ನ ಮಗಳು ತನ್ನ ನೋಟ್‌ಬುಕ್ಕಿನಲ್ಲಿ ಹೀಗೆ ಬರೆದಿದ್ದಳು: 'ಅಳಿಲು ಗೋಡೆ ಮೇಲಿಂದ ಜಾರಿ ಬಿದ್ದು ಎದ್ದು ಸುತ್ತ ನೋಡಿ ಯಾರೂ ನೋಡ್ಲಿಲ್ಲ ಅಂತ ಓಡೋಯ್ತು.' ನನ್ನ ಕಣ್ಣಿಗೆ ಬಿದ್ದದ್ದು 'ಓಡೋಯ್ತು' ಮಾತ್ರ. ಆಡಿದ ಹಾಗೇ ಬರೆಯುತ್ತಾಳೆ, ಇನ್ನು ವ್ಯಾಕರಣ ಶುರು ಮಾಡಬೇಕು ಅಂದುಕೊಂಡೆ. ಮೂರು ಹಂತಗಳ ಒಂದು ಸೆಟ್ ಆರಿಸಿದೆ. ಪರಿವಿಡಿ ಉದ್ದವಾಗಿತ್ತು: ನಾಮಪದ, ಸರ್ವನಾಮ, ವಿಭಕ್ತಿ, ಸಂಧಿ, ಸಮಾಸ. ಮಾದರಿ ಎಂದು ಕೊಟ್ಟಿದ್ದ ಎರಡು ಪುಟಗಳಲ್ಲಿ ಚಿತ್ರಗಳು ಚೆನ್ನಾಗಿದ್ದವು. ಅಷ್ಟು ನೋಡಿ ಮೂರೂ ಹಂತ ಒಟ್ಟಿಗೆ ತರಿಸಿದೆ.

ಮೊದಲ ಕೆಲವು ವಾರ ಸಂತೋಷವಾಗಿಯೇ ಇದ್ದೆ. ವ್ಯಾಖ್ಯೆ ಬಾಯಿಪಾಠ, ಬಿಟ್ಟ ಸ್ಥಳ ತುಂಬಿ, ಹೊಂದಿಸಿ ಬರೆಯಿರಿ. ಎಲ್ಲದಕ್ಕೂ ಪೂರ್ತಿ ಅಂಕ. ಮೂರನೇ ತಿಂಗಳಿಗೆ ಏಳು ವಿಭಕ್ತಿಗಳ ಪಟ್ಟಿ ಬಂತು. ಅದರ ಹಿಂದೆಯೇ ಲೋಪ, ಆಗಮ, ಆದೇಶ ಸಂಧಿಗಳು. ಅವು ಅರಗುವ ಮೊದಲೇ ಗುಣಸಂಧಿ. 'ಸುರ' ಎಂಬ ಪದವನ್ನೇ ಕೇಳಿರದ ಮಗು 'ಸುರೇಂದ್ರ'ವನ್ನು ಬಿಡಿಸಿ ಬರೆಯಬೇಕಿತ್ತು.

ಪುಸ್ತಕ ಕೈಕೊಟ್ಟದ್ದು ಪಂಚಮಿ ವಿಭಕ್ತಿಯಲ್ಲಿ. 'ಮರದಿಂದ ಹಣ್ಣು ಬಿತ್ತು', ಇದು ಯಾವ ವಿಭಕ್ತಿ ಎಂಬುದು ಪ್ರಶ್ನೆ. ಪಟ್ಟಿಯಲ್ಲಿ ತೃತೀಯಕ್ಕೆ 'ಇಂದ', ಪಂಚಮಿಗೆ 'ದೆಸೆಯಿಂದ' ಎಂದಿತ್ತು. ಅವಳು ಪಟ್ಟಿ ನೋಡಿ ತೃತೀಯ ಎಂದು ಬರೆದಳು. ಉತ್ತರ ಪುಸ್ತಕದಲ್ಲಿ ಪಂಚಮಿ ಅಂತಿತ್ತು. ಯಾಕೆ ಅಂತ ಒಂದು ಸಾಲೂ ಇಲ್ಲ. ನನಗೂ ಹೇಳಲು ಬರಲಿಲ್ಲ. ಸಾಧನವನ್ನು ಹೇಳಿದರೆ ತೃತೀಯ, ಬೇರೆಯಾಗುವುದನ್ನು ಹೇಳಿದರೆ ಪಂಚಮಿ ಎನ್ನುತ್ತಾರೆ, ಆದರೆ ಕನ್ನಡದಲ್ಲಿ ನಾವು ಎರಡಕ್ಕೂ 'ಇಂದ'ವನ್ನೇ ಬಳಸುತ್ತೇವೆ ಎಂದು ನಾನು ತಿಳಿದುಕೊಂಡದ್ದು ಆಮೇಲೆ. ನಮ್ಮ ವ್ಯಾಕರಣಗಳು ಸಂಸ್ಕೃತದ ಅಚ್ಚಿನಲ್ಲಿವೆ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವರ್ಷಗಟ್ಟಲೆ ಬರೆದಿದ್ದಾರೆ. ನಾನು ಪುಸ್ತಕ ಆರಿಸುವ ಮೊದಲು ಅದನ್ನು ಓದಿಕೊಂಡಿರಬೇಕಿತ್ತು. ಅವತ್ತು ನಾನು ಮಾಡಿದ್ದು ಒಂದೇ, ಅವಳ ಉತ್ತರಕ್ಕೆ ತಪ್ಪು ಗುರುತು ಹಾಕಿದ್ದು. ಅವಳು ಅತ್ತಳು. 'ಪಟ್ಟೀಲಿ ಹಂಗೇ ಇದೆಯಲ್ಲಮ್ಮಾ' ಅಂದಳು. ಅವಳು ಹೇಳಿದ್ದು ಸರಿಯಾಗಿತ್ತು.

ಇದಕ್ಕಿಂತ ನೋವಾದದ್ದು ಆಮೇಲೆ ಅವಳ ನೋಟ್‌ಬುಕ್ ತೆರೆದಾಗ. 'ಅಳಿಲು ಮರವನ್ನು ಹತ್ತಿತು. ಅಳಿಲು ಹಣ್ಣನ್ನು ತಿಂದಿತು. ಅಳಿಲು ಓಡಿತು.' ಕರ್ತೃ, ಕರ್ಮ, ಕ್ರಿಯಾಪದ. ಒಂದೂ ತಪ್ಪಿಲ್ಲ. ಆ ಜಾರಿ, ಬಿದ್ದು, ಎದ್ದು, ನೋಡಿ ಎಲ್ಲ ಎಲ್ಲಿ ಹೋದವು? ಅವಕ್ಕೆ ಕೃದಂತಾವ್ಯಯ ಎಂಬ ಹೆಸರೇ ಇದೆ. ಕನ್ನಡದ ಉದ್ದ ವಾಕ್ಯಗಳು ನಿಲ್ಲುವುದೇ ಅವುಗಳ ಮೇಲೆ. ನಮ್ಮ ಸೆಟ್ಟಿನ ಮೂರೂ ಹಂತಗಳಲ್ಲಿ ಅವುಗಳ ಪಾಠ ಇರಲಿಲ್ಲ. ಮಗು ತಾನಾಗಿ ಮಾಡುತ್ತಿದ್ದ ಕಷ್ಟದ ಕೆಲಸವನ್ನು ಪುಸ್ತಕ ಬಿಡಿಸಿಬಿಟ್ಟಿತ್ತು.

1958ರಲ್ಲಿ ಜೀನ್ ಬರ್ಕೊ ಎಂಬ ಸಂಶೋಧಕಿ ಪುಟ್ಟ ಮಕ್ಕಳಿಗೆ 'ವಗ್' ಎಂಬ ಇಲ್ಲದ ಪ್ರಾಣಿಯ ಚಿತ್ರ ತೋರಿಸಿ, ಎರಡಿದ್ದರೆ ಏನನ್ನುತ್ತೀರಿ ಎಂದು ಕೇಳಿದ್ದರು. ಎಂದೂ ಕೇಳಿರದ ಪದಕ್ಕೂ ಮಕ್ಕಳು ಬಹುವಚನ ಮಾಡಿದರು. ನಾನೂ ಒಂದು ಸಂಜೆ ಹಾಗೇ ಕೇಳಿದೆ: 'ಇದರ ಹೆಸರು ಟುಬ್ಬೆ. ಇದು ಎದುರಿಗೆ ಬಂದರೆ ಏನು ಮಾಡ್ತೀಯ?' 'ಟುಬ್ಬೆಯಿಂದ ದೂರ ಓಡ್ತೀನಿ' ಅಂದಳು. 'ಟುಬ್ಬೆ'ಗೂ 'ಇಂದ'ಕ್ಕೂ ನಡುವೆ ಆಗಮಸಂಧಿಯ ಯಕಾರವೂ ಬಂತು, ಅವಳನ್ನು ಅಳುವಂತೆ ಮಾಡಿದ್ದ ಆ ಪಂಚಮಿಯೂ ಬಂತು.

ಹಾಗಾಗಿ, ದಯವಿಟ್ಟು ಮಾದರಿ ಪುಟ ನೋಡಿ ಕೊಳ್ಳಬೇಡಿ. ಎರಡನೇ ಹಂತದ ನಡುವಿನ ಒಂದು ಪಾಠ ಕೇಳಿ ತರಿಸಿಕೊಳ್ಳಿ, ಕೊಡದಿದ್ದರೆ ಬಿಟ್ಟುಬಿಡಿ. ಮಗು ತನ್ನದೇ ವಾಕ್ಯ ಬರೆಯುವ ಜಾಗ ಅದರಲ್ಲಿ ಇದೆಯೇ, ಅಥವಾ ಬರೀ ತುಂಬಬೇಕಾದ ಬಿಟ್ಟ ಸ್ಥಳಗಳೇ? ಉದಾಹರಣೆ ಮೊದಲು ಬಂದು ನಿಯಮ ಆಮೇಲೆ ಬರುತ್ತದೆಯೇ? ಉತ್ತರದ ಜೊತೆ ಕಾರಣ ಇರಲೇಬೇಕು, ಯಾಕೆಂದರೆ ಮನೆಯಲ್ಲಿ ಕೇಳಲು ಬೇರೆ ಮೇಷ್ಟ್ರು ಇರುವುದಿಲ್ಲ. ಮತ್ತೆ ಎಲ್ಲ ಹಂತಗಳನ್ನೂ ಒಟ್ಟಿಗೆ ಕೊಳ್ಳಲೇಬೇಡಿ. ದುಡ್ಡು ಹಾಕಿದ್ದೇವಲ್ಲ ಎಂದು ನಾನು ಎರಡು ತಿಂಗಳು ಹೆಚ್ಚಿಗೆ ಎಳೆದೆ. ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ.

ಈಗ ಅವಳು ಬರೆದದ್ದರಲ್ಲೇ ವಾರಕ್ಕೊಂದು ವಾಕ್ಯ ಆರಿಸಿಕೊಳ್ಳುತ್ತೇವೆ. ಎರಡು ಸಣ್ಣ ವಾಕ್ಯ ಕೂಡಿಸುತ್ತೇವೆ, ಒಂದು ಉದ್ದದ್ದನ್ನು ಒಡೆಯುತ್ತೇವೆ, 'ಓಡೋಯ್ತು' ಬರಹದಲ್ಲಿ ಹೇಗಿರುತ್ತದೆ ಎಂದು ಮಾತಾಡುತ್ತೇವೆ. ಮೊನ್ನೆ ಬರೆದದ್ದರಲ್ಲಿ ಒಂದು 'ಹೆದರಿ' ಮತ್ತು ಒಂದು 'ಬಗ್ಗಿ' ಇತ್ತು. ಸೆಟ್ಟಿನ ಎರಡು ಪುಸ್ತಕಗಳು ಹೊಸದಾಗಿಯೇ ಇವೆ. ಪರಿಚಯದವರೊಬ್ಬರು ತಮ್ಮ ಮಗನಿಗೆ ಬೇಕೆಂದು ಕೇಳಿದರು. ನಾನು ಕೊಡಲಿಲ್ಲ.