ಅವ್ವನ ಬಚ್ಚಲಿಗೆ 39 ಡಿಗ್ರಿ ನೀರು: ಡಿಜಿಟಲ್ ತಾಪ ನಿಯಂತ್ರಕದೊಂದಿಗೆ ಎರಡೂವರೆ ವರ್ಷ

ನಮ್ಮದು ಧಾರವಾಡದ ಹಳೆಯ ಹಂಚಿನ ಮನೆ. ಬಚ್ಚಲಿನಲ್ಲಿ ಒಂದು ಮಣೆ, ಒಂದು ಬಕೆಟ್ ಇಟ್ಟರೆ ಜಾಗ ಮುಗಿಯಿತು. ಅವ್ವನಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಪಾದಗಳಿಗೆ ಬಿಸಿಯ ಅರಿವೇ ಉಳಿದಿಲ್ಲ. ಗೀಸರಿನ ನೀರಿಗೆ ತಣ್ಣೀರು ಬೆರೆಸಿಕೊಂಡು ಸ್ನಾನ ಮಾಡಿದ ಒಂದು ದಿನ ಅವಳ ಎಡಗಾಲಿನ ಮೇಲೆ ಬೊಬ್ಬೆ ಎದ್ದಿತ್ತು. ಅದು ನಮಗೆ ಗೊತ್ತಾದದ್ದು ಸಂಜೆ. ಆ ಗಾಯ ಮಾಯಲು ಏಳು ವಾರ ಬೇಕಾಯಿತು. ಬೆರೆಸುವ ಕೆಲಸವೇ ಇರದಂತೆ, ಬೇಕಾದ ಹದದಲ್ಲಿಯೇ ನೀರು ಬರಬೇಕೆಂದು ಆಗಲೇ ತೀರ್ಮಾನಿಸಿದೆ.

ಮಾಡಿದ ಏರ್ಪಾಡು ಸರಳವಾದದ್ದು. 40 ಲೀಟರಿನ ಸ್ಟೀಲ್ ಡ್ರಮ್ಮನ್ನು ಬಚ್ಚಲಿನ ಗೋಡೆಯಾಚೆ ಕಟ್ಟೆಯ ಮೇಲೆ ಕೂರಿಸಿದೆ. ಹುಬ್ಬಳ್ಳಿ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಆರ್ಗಾನ್ ವೆಲ್ಡಿಂಗ್ ಮಾಡಿಸಿ, ತಳದ ಹತ್ತಿರ 1500 ವ್ಯಾಟ್‌ನ ಹೀಟರ್ ಕಾಯಿಲ್‌ಗೂ ನಳಕ್ಕೂ ಜಾಗ ಮಾಡಿಸಿದೆ. ಬಾಗಿಲಿನ ಹೊರಗೆ ಒಂದು ಪೆಟ್ಟಿಗೆ, ಅದರಲ್ಲಿ ನೀರು ಬೇಕಾದ ಬಿಸಿಗೆ ಬಂದೊಡನೆ ಹೀಟರ್ ಆರಿಸುವ ಡಿಜಿಟಲ್ ತಾಪ ನಿಯಂತ್ರಕ. ಬಿಸಿ ಅಳೆಯುವ ಅದರ ಸೆನ್ಸರ್ ನೀರಿನಲ್ಲಿ. ಎಲ್ಲ ಸೇರಿ 5,200 ರೂಪಾಯಿ ಖರ್ಚಾಯಿತು. ಡಿಸೆಂಬರ್ ಬೆಳಗಿನ 20 ಡಿಗ್ರಿಯ 35 ಲೀಟರ್ ನೀರು 39ಕ್ಕೆ ಏರಲು ಲೆಕ್ಕದ ಪ್ರಕಾರ 31 ನಿಮಿಷ ಸಾಕು, ನಮ್ಮಲ್ಲಿ 35 ನಿಮಿಷ ಹಿಡಿಯುತ್ತದೆ. ದಿನಕ್ಕೆ ಒಂದು ಯುನಿಟ್ಟೂ ಆಗುವುದಿಲ್ಲ.

ಮೊದಲ ವಾರವೇ ಒಂದು ಪಾಠವಾಯಿತು. ಸೆನ್ಸರನ್ನು ಕಾಯಿಲ್‌ನ ಪಕ್ಕದಲ್ಲೇ ಇಳಿಬಿಟ್ಟಿದ್ದೆ. ಪರದೆಯ ಮೇಲೆ 39 ಬಂದು ಹೀಟರ್ ಆರುತ್ತಿತ್ತು, ಬಕೆಟ್‌ನಲ್ಲಿ ಮಾತ್ರ 31. ಕಾಯಿಲ್ ಸುತ್ತಲಿನ ನೀರು ಮೊದಲು ಕಾಯ್ದು ಮೇಲೇರುತ್ತದೆ, ಅದರ ಕೆಳಗಿನದು ತಣ್ಣಗೇ ಉಳಿಯುತ್ತದೆ. ಸೆನ್ಸರನ್ನು ಕಾಯಿಲ್‌ನಿಂದ ದೂರಕ್ಕೆ, ನಳದ ಮಟ್ಟಕ್ಕೆ ತಂದು, ನೀರನ್ನು ತಿರುಗಿಸಲು ಏರ್ ಕೂಲರಿನ ಪುಟ್ಟ ಪಂಪ್ ಹಾಕಿದ ಮೇಲೆ ವ್ಯತ್ಯಾಸ ಒಂದು ಡಿಗ್ರಿಯೊಳಗೆ ಬಂತು.

ಹದಿನಾಲ್ಕನೆಯ ತಿಂಗಳಲ್ಲಿ ಅವ್ವ, "ಈಚೆಗೆ ನೀರು ತಣ್ಣಗೆ ಬರುತ್ತಿದೆಯಪ್ಪ" ಎಂದಳು. ಪರದೆ 39 ಎನ್ನುತ್ತಿತ್ತು. ಗಾಜಿನ ಥರ್ಮಾಮೀಟರ್ ಅದ್ದಿ ನೋಡಿದರೆ 35. ಈ ಬಗೆಯ ಸೆನ್ಸರಿನಲ್ಲಿ ಬಿಸಿ ಏರಿದಂತೆ ವಿದ್ಯುತ್ ರೋಧ ಇಳಿಯುತ್ತದೆ. ತಂತಿ ಸೇರುವ ಕಡೆ ತೇವ ಹೊಕ್ಕಾಗಲೂ ರೋಧ ಇಳಿಯುವುದರಿಂದ, ನಿಯಂತ್ರಕ ಅದನ್ನೇ ಬಿಸಿಯೆಂದು ಓದುತ್ತದೆ. ಹೊಸ ಸೆನ್ಸರನ್ನು ಈಗ ತುದಿ ಮುಚ್ಚಿದ ತಾಮ್ರದ ಕೊಳವೆಯೊಳಗೆ ಇಟ್ಟಿದ್ದೇನೆ, ಅದಕ್ಕೆ ನೀರು ತಾಗುವುದೇ ಇಲ್ಲ.

ನನ್ನನ್ನು ನಿಜಕ್ಕೂ ನಡುಗಿಸಿದ್ದು ಎರಡನೆಯ ಚಳಿಗಾಲದ ಒಂದು ಬೆಳಗು. ಹೀಟರಿನ ದೀಪ ಆರಬೇಕಾದ ಹೊತ್ತು ಕಳೆದು ಅರ್ಧ ಗಂಟೆಯಾಗಿತ್ತು, ಪರದೆಯಲ್ಲಿ 57! ನಿಯಂತ್ರಕ ತನ್ನ ಕೆಲಸ ಮಾಡಿತ್ತು. ಆದರೆ ಅದರ ಒಳಗಿನ ರಿಲೇಯ, ಅಂದರೆ ಹೀಟರಿನ ಕರೆಂಟನ್ನು ಕೂಡಿಸಿ ಬಿಡಿಸುವ ಪುಟ್ಟ ಸ್ವಿಚ್ಚಿನ, ತುದಿಗಳು ಒಂದಕ್ಕೊಂದು ಬೆಸೆದುಕೊಂಡು ಕರೆಂಟು ಹರಿಯುತ್ತಲೇ ಇತ್ತು. ರಿಲೇಯ ಮೇಲೆ 10 ಆಂಪಿಯರ್ ಎಂದು ಬರೆದಿತ್ತು, ಹೀಟರ್ ಎಳೆಯುವುದು 6.5. ಕಾಗದದ ಮೇಲೆ ಸರಿಯೇ. ಆದರೆ ಪ್ರತಿ ಸಲ ಸಂಪರ್ಕ ಬಿಡುವಾಗ ಕಿಡಿ ಹಾರಿ ತುದಿಗಳು ಸವೆಯುತ್ತವೆ, ಜೊತೆಗೆ ನಾನು, ನೀರು ಎಷ್ಟು ಇಳಿದರೆ ಹೀಟರ್ ಮತ್ತೆ ಹತ್ತಬೇಕು ಎಂಬ ಅಂತರವನ್ನು ಅರ್ಧ ಡಿಗ್ರಿಗೇ ಇಟ್ಟು ಅದನ್ನು ಪದೇ ಪದೇ ಹತ್ತಿಸಿ ಆರಿಸುತ್ತಿದ್ದೆ. 60 ಡಿಗ್ರಿಯ ನೀರು ಕೆಲವೇ ಕ್ಷಣಗಳಲ್ಲಿ ಚರ್ಮ ಸುಡುತ್ತದೆ. ಅವ್ವ ಆ ದಿನ ತಾನೇ ನಳ ತಿರುಗಿಸಿದ್ದರೆ ಎಂಬ ಯೋಚನೆ ಇಂದಿಗೂ ಬಿಟ್ಟಿಲ್ಲ.

ಅಂದೇ ಎಲೆಕ್ಟ್ರಿಷಿಯನ್ ಅಣ್ಣನನ್ನು ಕರೆಸಿದೆ. ಹೀಟರಿನ ಭಾರ ಈಗ ಕಾಂಟ್ಯಾಕ್ಟರ್ ಎಂಬ, ಹೆಚ್ಚು ಕರೆಂಟು ತಾಳುವ ದೊಡ್ಡ ಸ್ವಿಚ್ಚಿನ ಮೇಲಿದೆ, ನಿಯಂತ್ರಕ ಅದಕ್ಕೆ ಸೂಚನೆ ಮಾತ್ರ ಕೊಡುತ್ತದೆ. ಅಂತರವನ್ನು ಎರಡು ಡಿಗ್ರಿಗೆ ಹೆಚ್ಚಿಸಿದ್ದೇನೆ. ಎಲ್ಲಕ್ಕಿಂತ ಮುಖ್ಯವಾಗಿ, ಡ್ರಮ್ಮಿನ ಮೈಗೆ 50 ಡಿಗ್ರಿಗೆ ಕಡಿದುಹೋಗುವ, ಕೈಯಿಂದ ಒತ್ತಿದರಷ್ಟೇ ಮತ್ತೆ ಕೂಡಿಕೊಳ್ಳುವ ಥರ್ಮಲ್ ಕಟೌಟ್ ಅಂಟಿಸಿ, ಹೀಟರಿಗೆ ಹೋಗುವ ಲೈನನ್ನೇ ಅದರ ಮೂಲಕ ಹಾಯಿಸಿದ್ದೇವೆ. ನಿಯಂತ್ರಕವಾಗಲಿ ಕಾಂಟ್ಯಾಕ್ಟರ್ ಆಗಲಿ ಕೆಟ್ಟರೂ ಅದು ಸ್ವತಂತ್ರವಾಗಿ ಕರೆಂಟು ನಿಲ್ಲಿಸುತ್ತದೆ. ಇದಕ್ಕೆ ಬಿದ್ದ ಖರ್ಚು ತೀರಾ ಅಲ್ಪ. ಮೊದಲ ದಿನವೇ ಹಾಕಿಸಬೇಕಿತ್ತು.

ಕರೆಂಟು ಸೋರಿದೊಡನೆ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮೊದಲಿನಿಂದಲೂ ಇದೆ, ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತುತ್ತೇನೆ. ಹಿತ್ತಿಲಿನಲ್ಲಿ ಹೊಸ ಅರ್ಥಿಂಗ್ ಗುಂಡಿ ತೆಗೆಸಿದ್ದು, ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುತ್ತೇವೆ. ಅವ್ವ ಬಚ್ಚಲಿಗೆ ಹೋಗುವ ಮುನ್ನ ಪ್ಲಗ್ ಕಿತ್ತಿರಲೇಬೇಕು. ಉಳಿದ ನೀರನ್ನು ಡ್ರಮ್ಮಿನಲ್ಲಿ ಬಿಡುವುದಿಲ್ಲ, ಉಗುರು ಬೆಚ್ಚಗಿನ ನೀರು ನಿಂತರೆ ರೋಗಾಣು ಬೆಳೆಯುತ್ತದೆ. ಕಾಯಿಲ್‌ಗೆ ಹಿಡಿಯುವ ಬಿಳಿ ಸುಣ್ಣವನ್ನು ಮೂರು ತಿಂಗಳಿಗೊಮ್ಮೆ ಸಿಟ್ರಿಕ್ ಆಮ್ಲದ ಪುಡಿ ಕರಗಿಸಿದ ನೀರಿನಿಂದ ತೊಳೆಯುತ್ತೇನೆ. ಮಲಪ್ರಭೆಯ ನೀರು ಬಾರದೆ ಬೋರ್‌ವೆಲ್ ನೀರನ್ನೇ ತುಂಬಿದ ತಿಂಗಳುಗಳಲ್ಲಿ ಅದು ಇನ್ನೂ ಬೇಗ ಕಟ್ಟುತ್ತದೆ.

ಇಂಥ ನಿಯಂತ್ರಕ ಕೊಳ್ಳಬಹುದೇ ಎಂದು ಕೇಳುವವರಿಗೆ ಕೊಳ್ಳಿರಿ ಎಂದೇ ಹೇಳುತ್ತೇನೆ. ಜೊತೆಗೆ ಕಾಂಟ್ಯಾಕ್ಟರ್ ಮತ್ತು ಕಟೌಟ್ ಇಲ್ಲದೆ ಒಂದು ದಿನವೂ ನಡೆಸಬೇಡಿರಿ. ವೈರಿಂಗನ್ನು ಬಲ್ಲವರ ಕೈಯಲ್ಲೇ ಮಾಡಿಸಿರಿ. ಬೊಬ್ಬೆ ಎದ್ದ ಆ ದಿನದಿಂದ ಅವ್ವನ ಕಾಲಿಗೆ ಮತ್ತೆ ಸುಟ್ಟ ಗಾಯವಾಗಿಲ್ಲ. ಗಾಜಿನ ಥರ್ಮಾಮೀಟರ್ ಬಚ್ಚಲಿನ ಗೂಡಿನಲ್ಲೇ ಇದೆ. ಬಕೆಟ್ ತುಂಬಿದ ಮೇಲೆ ಅದನ್ನೊಮ್ಮೆ ಅದ್ದಿ ನೋಡಿ, ಆಮೇಲೆ ಅವಳನ್ನು ಕರೆಯುತ್ತೇನೆ.